‘ನಮ್ದೇ’ ಅನ್ನುವವರು ಯಾರದ್ದು ಅಂತ ಕೇಳಿದ್ದೀರಾ?

ಈ ಸಲ ಅಡಿಗೆ ವಿಷಯ ಅಲ್ಲ, ಮೊದಲೇ ಹೇಳಿಬಿಡ್ತೇನೆ. ಬಸಳೆ ಪುಂಡಿ ಕೇಳಿದವರಿಗೆ ಮುಂದಿನ ವಾರ ಬರೀತೇನೆ. ಈಗ ನನ್ನ ಮಂಡೆ ಬಿಸಿ ಮಾಡಿರುವುದು ಆರ್‌ಸಿಬಿ. ನಗಬೇಡಿ ಮಾರಾಯ್ರೆ. ನಮ್ಮ ನಮ್ಮ ಮನೆಯ ಮಕ್ಕಳು ಬಟ್ಟೆ ಒಣಗಿಸುವ ಹಗ್ಗದಲ್ಲಿ ವರ್ಷದಲ್ಲಿ ಎರಡು ತಿಂಗಳು ಕೆಂಪು ಅಂಗಿ ಬಿಟ್ಟು ಬೇರೆ ನೇತಾಡ್ಲಿಕ್ಕೆ ಬಿಡದ ತಂಡ ಅದು. ಅದರ ಬಗ್ಗೆ ನಾವು ಹೆಂಗಸರು ಮಾತಾಡಬಾರದು ಅಂತ ಎಲ್ಲಿಯಾದರೂ ಬರೆದುಂಟಾ?

ನವೆಂಬರ್ 5ನೇ ತಾರೀಕು ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಮುಂಬೈ ಶೇರು ಪೇಟೆಗೆ ಒಂದು ಕಾಗದ ಬರೆಯಿತು. ರಾಯಲ್ ಚಾಲೆಂಜರ್ಸ್ ಸ್ಪೋರ್ಟ್ಸ್ ಅಂತ ತನ್ನದೊಂದು ಮರಿ ಕಂಪನಿ ಉಂಟು, ಅದನ್ನು ಮುಂದೆ ಎಂತ ಮಾಡುವುದು ಅಂತ ಪರಿಶೀಲನೆ ಮಾಡ್ತೇವೆ, 2026ರ ಮಾರ್ಚ್ 31ರ ಒಳಗೆ ಮುಗಿಸುವ ಅಂದಾಜು ಉಂಟು ಅಂತ. ಗಂಡಸರ ಐಪಿಎಲ್ ತಂಡ, ಹೆಂಗಸರ ಡಬ್ಲ್ಯುಪಿಎಲ್ ತಂಡ ಎರಡೂ ಆ ಮರಿ ಕಂಪನಿಯ ಹೊಟ್ಟೆಯೊಳಗೆ. ಮನೆ ಮಾರ್ಲಿಕ್ಕೆ ಮನಸ್ಸು ಮಾಡಿದವರು ಸಹ ಮೊದಲು ಹೀಗೇ ಹೇಳುವುದು, ‘ಸುಮ್ಮನೆ ರೇಟು ವಿಚಾರಿಸ್ತಾ ಇದ್ದೇವೆ’ ಅಂತ. ಯುನೈಟೆಡ್ ಸ್ಪಿರಿಟ್ಸಿನ ಮೇಲೆ ಲಂಡನ್ನಿನ ಡಿಯಾಜಿಯೊ ಕೂತಿದೆ. ಅವರ ಲೆಕ್ಕದಲ್ಲಿ ಈ ತಂಡ ಬೆಲೆಬಾಳುವ ಸೊತ್ತು ಹೌದು, ಆದರೆ ಹೆಂಡದ ವ್ಯಾಪಾರಕ್ಕೆ ‘ಕೋರ್’ ಅಲ್ಲ. ನಮ್ಮ ಹುಡುಗರಿಗೆ ಊಟಕ್ಕಿಂತ ಹೆಚ್ಚು ಕೋರ್ ಆದದ್ದು ಅವರಿಗೆ ಹಿತ್ತಿಲಿನ ಹೆಚ್ಚುವರಿ ಮರ.

ಆ ಸುದ್ದಿ ಬಂದ ಮೇಲೆ ನಮ್ಮ ಕುಟುಂಬದ ವಾಟ್ಸಾಪು ಗ್ರೂಪು ಓದಬೇಕು ನೀವು. ತಮ್ಮನ ಮಗ ಬರೆದ, ‘ಅತ್ತೆ, ಇನ್ನು ದೊಡ್ಡ ಕುಳ ಬರ್ತಾನೆ, ದುಡ್ಡು ಸುರೀತಾನೆ.’ ಅಕ್ಕನ ಮಗನಿಗೆ ಕೊಹ್ಲಿ ಉಳಿದರೆ ಸಾಕು, ಯಜಮಾನ ಯಾರಾದರೂ ಅಡ್ಡಿಲ್ಲ. ಮತ್ತೊಬ್ಬ ಲಸಿಕೆ ಮಾಡುವ ಸೀರಮ್ ಇನ್‌ಸ್ಟಿಟ್ಯೂಟಿನ ಅದಾರ್ ಪೂನಾವಾಲಾ ಅಕ್ಟೋಬರಿನಲ್ಲೇ ‘ಸರಿಯಾದ ಬೆಲೆಗಾದರೆ ಒಳ್ಳೆಯ ತಂಡ’ ಎಂಬ ಅರ್ಥದಲ್ಲಿ ಬರೆದದ್ದನ್ನು ಹಾಕಿ ಕೈ ಮುಗಿಯುವ ಗೊಂಬೆ ಒತ್ತಿದ. ಜೂನಿನಲ್ಲಿ ನಮ್ಮ ಉಪಮುಖ್ಯಮಂತ್ರಿಯವರ ಹೆಸರೂ ತೇಲಿತ್ತು, ನೆನಪುಂಟಾ? ನನಗೆಂತಕ್ಕೆ ಆರ್‌ಸಿಬಿ, ನಾನು ರಾಯಲ್ ಚಾಲೆಂಜ್ ಕುಡಿಯುವುದೂ ಇಲ್ಲ ಎಂದು ಅವರು ಕೈ ಕೊಡವಿದರು. ಪೇಪರಿನವರು ಈಗ 2 ಬಿಲಿಯನ್ ಡಾಲರ್ ಎಂಬ ಲೆಕ್ಕ ಹೇಳ್ತಿದ್ದಾರೆ, ಅಂದರೆ 17 ಸಾವಿರ ಕೋಟಿಗೂ ಮೇಲೆ. ಅದನ್ನು ನಮ್ಮ ಮಕ್ಕಳು ಹೇಳುವ ಧಾಟಿ ನೋಡಿದರೆ ಅದರಲ್ಲಿ ಒಂದು ಪಾಲು ಇವರ ಖಾತೆಗೇ ಬೀಳ್ತದೋ ಎಂತದೋ ಅಂತ ಅನಿಸಬೇಕು. ‘ನೋಡಿ, ನಮ್ಮ ತಂಡದ ರೇಟು!’

ನನಗೆ ಸಿಟ್ಟು ಬರುವುದು ಅಲ್ಲೇ. ನಿಮ್ಮ ತಂಡ ಆದರೆ ಮಾರುವಾಗ ನಿಮ್ಮನ್ನು ಯಾರಾದರೂ ಕೇಳಿದ್ದಾರಾ?

‘ಈ ಸಲ ಕಪ್ ನಮ್ದೇ.’ ಹದಿನೇಳು ವರ್ಷ ಈ ಒಂದು ಮಾತನ್ನು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡದ್ದು ಯಾರು? ಕಂಪನಿಯ ಡೈರೆಕ್ಟರುಗಳಲ್ಲ. 2009ರಲ್ಲಿ ಫೈನಲು ಸೋತರು, 2011ರಲ್ಲಿ ಸೋತರು, 2016ರಲ್ಲಿ ನಮ್ಮದೇ ಬೆಂಗಳೂರಿನ ಮೈದಾನದಲ್ಲಿ 8 ರನ್ನಿಗೆ ಸೋತರು. ಆ ವರ್ಷ ತಂಡದಲ್ಲಿ ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲನೂ ಇದ್ದ. ಆ ರಾತ್ರಿ ನಮ್ಮ ಮನೆಯಲ್ಲಿ ಅನ್ನ ಹಾಗೇ ಉಳಿದದ್ದು ನನಗೆ ಗೊತ್ತು, ಬೆಳಿಗ್ಗೆ ಅದಕ್ಕೆ ಒಗ್ಗರಣೆ ಹಾಕಿದ್ದು ನಾನೇ ಅಲ್ವಾ.

2008ರ ಜನವರಿಯಲ್ಲಿ ವಿಜಯ ಮಲ್ಯ ಈ ತಂಡವನ್ನು ಹಿಡಿದದ್ದು 11.16 ಕೋಟಿ ಡಾಲರಿಗೆ. ಆಗಿನ ರೂಪಾಯಿ ಲೆಕ್ಕದಲ್ಲಿ 450 ಕೋಟಿಯ ಹತ್ತಿರ. ನಮ್ಮ ಬಂಟ್ವಾಳ ಕಡೆಯ ಕುಟುಂಬ ಅಂತ ಇಲ್ಲಿಯ ಎಷ್ಟೋ ಹಿರಿಯರಿಗೆ ಆಗ ಒಂದು ಹೆಮ್ಮೆ ಇತ್ತು, ಸುಳ್ಳು ಹೇಳುವುದು ಬೇಡ. 2023ರಲ್ಲಿ ಹೆಂಗಸರ ತಂಡಕ್ಕೆ 901 ಕೋಟಿ ಕೊಟ್ಟರು. ಎರಡೂ ಕೂಡಿಸಿದರೂ ಹದಿನೇಳು ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಮಧ್ಯದ ಆ ದೊಡ್ಡ ಗುಡ್ಡ ಎಲ್ಲಿಂದ ಬಂತು? ಟಿವಿಯಿಂದ ಅಂತೀರಿ. ಹೌದು, 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯ್ತು, ಅದರಲ್ಲಿ ಎಲ್ಲ ತಂಡಗಳಿಗೂ ಪಾಲು. ಆದರೆ ಟಿವಿಯವರು ಅಷ್ಟು ಕೊಡುವುದು ಎಂತಕ್ಕೆ? ನಾವು ನೋಡ್ತೇವೆ ಅಂತ. ಅದೂ ಬೇರೆ ತಂಡಗಳು ಕಪ್ ತೋರಿಸಿ ಬೆಲೆ ಏರಿಸಿಕೊಂಡವು. ಇವರು ಕಪ್ ಇಲ್ಲದೆಯೇ ಏರಿಸಿಕೊಂಡದ್ದು. ಸೋತ ತಂಡವನ್ನು ಹದಿನೇಳು ವರ್ಷ ಬಿಡದೆ ಹಿಡಿದುಕೊಂಡ ಜನ ಇದ್ದಾರಲ್ಲ, ಮಾರ್ಲಿಕ್ಕೆ ಇಟ್ಟಿರುವುದು ಆ ಜನವನ್ನು. ಬ್ಯಾಟು, ಬಾಲು, ಆಟಗಾರರು ಇವೆಲ್ಲ ಎಷ್ಟು ಬೆಲೆ ಬಾಳ್ತವೆ? ಆಟಗಾರರನ್ನು ಹೇಗೂ ಎರಡು ಮೂರು ವರ್ಷಕ್ಕೊಮ್ಮೆ ಹರಾಜಿನಲ್ಲಿ ಕದಡಿ ಹಾಕ್ತಾರೆ. ರಾಹುಲ ಈಗ ಡೆಲ್ಲಿಯಲ್ಲಿ ಆಡ್ತಾನೆ. ಉಳಿಯುವುದು ‘ನಮ್ದೇ’ ಎಂಬ ಒಂದು ಶಬ್ದ. ತಕ್ಕಡಿಯಲ್ಲಿ ಇಟ್ಟು ತೂಗುತ್ತಿರುವುದು ಆ ಶಬ್ದವನ್ನು.

ಹಾಗಾದರೆ ಮಾರಬಾರದು ಅಂತ ನಾನು ಹೇಳ್ತಾ ಇದ್ದೇನಾ? ಇಲ್ಲ. ಹೆಂಡದ ಕಂಪನಿ ಕೈ ಬಿಟ್ಟರೆ ನನಗೆ ಸಂತೋಷವೇ. ರಾಯಲ್ ಚಾಲೆಂಜ್ ಎಂಬುದು ಬಾಟ್ಲಿಯ ಹೆಸರು, ತಂಡದ ಹೆಸರು ಅದರಿಂದಲೇ ಹುಟ್ಟಿದ್ದು. ಹತ್ತು ವರ್ಷದ ಮಗುವಿನ ಎದೆಯ ಮೇಲೆ ಅದನ್ನು ಅಂಟಿಸಿ ನಾವೇ ಇಸ್ತ್ರಿ ಹಾಕಿ ಕೊಡುವುದು. ಗಂಡ ಕುಡಿದು ಬಂದು ಬಂಙ ಪಟ್ಟ ಹೆಂಗಸರು ನಮ್ಮ ಬೀದಿಯಲ್ಲೇ ಎಷ್ಟಿಲ್ಲ? ಅವರ ಮಕ್ಕಳೂ ಇದೇ ಅಂಗಿ ಹಾಕುವುದು. ಬೆಂಗಳೂರು ಎಂಬ ಹೆಸರು ಉಳಿಯಲಿ, ಉಳಿದದ್ದನ್ನು ಧಕ್ಕೆಯಿಂದ ಸಮುದ್ರಕ್ಕೆ ಬಿಟ್ಟರೂ ನನಗೇನೂ ಬೇಜಾರಿಲ್ಲ. ಇದನ್ನು ಹೇಳಿದ್ದಕ್ಕೆ ತಮ್ಮನ ಮಗ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ.

ಯಜಮಾನ ಬದಲಾಗುವುದು ತಂಡಕ್ಕೆ ಹೊಸತೂ ಅಲ್ಲ. ಯುನೈಟೆಡ್ ಸ್ಪಿರಿಟ್ಸ್ ಮಲ್ಯರ ಕೈಯಿಂದ ಡಿಯಾಜಿಯೊ ಕೈಗೆ ಜಾರಿತು, 2016ರಲ್ಲಿ ಮಲ್ಯ ಕುರ್ಚಿ ಬಿಟ್ಟು ಲಂಡನ್ನಿಗೆ ಹೋದರು. ಆಗ ನಮ್ಮ ಹುಡುಗರಲ್ಲಿ ಒಬ್ಬನಾದರೂ ‘ಇನ್ನು ತಂಡ ಯಾರದ್ದು’ ಅಂತ ಕೇಳಿದ್ದು ನನಗೆ ನೆನಪಿಲ್ಲ. ಬೋರ್ಡಿನಲ್ಲಿ ಯಾರು ಬಂದರು, ಯಾರು ಹೋದರು, ಯಾರಿಗೂ ಗೊತ್ತಿಲ್ಲ. ಕಂಬಳದಲ್ಲಿ ನೋಡಿ, ಕೋಣಗಳನ್ನು ಗದ್ದೆಗೆ ಇಳಿಸುವಾಗ ಯಾವ ಮನೆಯ ಕೋಣ ಅಂತ ಮೈಕಿನಲ್ಲಿ ಹೇಳ್ತಾರೆ. ಯಜಮಾನ ಅಲ್ಲೇ ಮುಂಡಾಸು ಕಟ್ಟಿ ನಿಂತಿರ್ತಾನೆ. ಏನಾದರೂ ಹೆಚ್ಚುಕಮ್ಮಿ ಆದರೆ ಯಾರ ಮನೆ ಜಗಲಿಗೆ ಹೋಗಿ ಕೇಳಬೇಕು ಅಂತ ಊರಿಗೇ ಗೊತ್ತು. ಇಲ್ಲಿ ಯಾರ ಜಗಲಿಗೆ ಹೋಗುವುದು?

ಇದನ್ನು ನಾನು ಪೊಕ್ಕಡೆ ಕೇಳುವುದಲ್ಲ. ಜೂನ್ 4ರ ಸಂಜೆ ನಿಮಗೂ ಮರೆತಿಲ್ಲ.

ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬಿನ ಎದುರು 6 ರನ್ನಿನಿಂದ ಗೆದ್ದರು. ನಮ್ಮ ಬೀದಿಯಲ್ಲಿ ಮಧ್ಯರಾತ್ರಿ ದಾಟಿದ ಮೇಲೂ ಪಟಾಕಿ. ಮರುದಿನ ಬೆಳಿಗ್ಗೆ ತಂಡದ ಕಡೆಯಿಂದ ಮೊಬೈಲಿನಲ್ಲಿ ಕರೆ ಹೋಯ್ತು, ವಿಜಯದ ಮೆರವಣಿಗೆ ಉಂಟು ಬನ್ನಿ ಅಂತ. ಪೊಲೀಸರ ಒಪ್ಪಿಗೆ ಇಲ್ಲದೆ ಜನರನ್ನು ಕರೆದರು ಅಂತ ಸರಕಾರವೇ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಹೇಳಿದೆ. ಅಷ್ಟು ಜನ ಸೇರಿದ್ದಕ್ಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಅಂತ ಕೇಂದ್ರ ಆಡಳಿತ ನ್ಯಾಯಮಂಡಳಿಯೂ ಜುಲೈಯಲ್ಲಿ ಹೇಳಿತು. ಹಾಗಂತ ಸರಕಾರ ತೊಳೆದ ಮುತ್ತಲ್ಲ. ಅದೇ ಸಂಜೆ ವಿಧಾನಸೌಧದ ಮೆಟ್ಟಿಲ ಮೇಲೆ ಹಾರ ಹಾಕ್ಲಿಕ್ಕೆ ಅವಸರ ಮಾಡಿದವರು ಯಾರು? ಚಿನ್ನಸ್ವಾಮಿ ಸ್ಟೇಡಿಯಮಿನ ಗೇಟಿನ ಹತ್ತಿರ 11 ಜನ ಸತ್ತರು. 50ಕ್ಕಿಂತ ಹೆಚ್ಚು ಜನಕ್ಕೆ ಪೆಟ್ಟಾಯ್ತು. ಸತ್ತವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು, ಅಮ್ಮನ ಜೊತೆ ಬಂದವಳು.

ನನ್ನ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿರುವುದು. ಆ ದಿನ ಆಫೀಸಿನಿಂದ ಬೇಗ ಹೊರಟಿದ್ದ, ಕೆಂಪು ಅಂಗಿ ಬ್ಯಾಗಿನಲ್ಲಿ. ಟಿವಿಯಲ್ಲಿ ಮೊದಲು ಮೂರು ಅಂದರು, ಮತ್ತೆ ಏಳು ಅಂದರು. ಫೋನು ಹತ್ತಲಿಲ್ಲ. ಇವರು ದೇವರ ಕೋಣೆಯ ಎದುರು ಕೂತವರು ಏಳಲಿಲ್ಲ, ನಾನು ಒಂದೇ ನಂಬರು ಒತ್ತುತ್ತಾ ಇದ್ದೆ. ರಾತ್ರಿ ಎಂಟರ ಮೇಲೆ ಅವನೇ ಮಾಡಿದ. ಮೆಟ್ರೋ ಕಬ್ಬನ್ ಪಾರ್ಕಿನಲ್ಲಿ ನಿಲ್ಲಲಿಲ್ಲವಂತೆ, ಮುಂದಿನ ಸ್ಟೇಷನಿನಲ್ಲಿ ಇಳಿದು ಜನ ನೋಡಿ ಹೆದರಿ ವಾಪಸು ರೂಮಿಗೆ ಹೋದನಂತೆ. ನನ್ನ ಮಗ ಉಳಿದದ್ದು ರೈಲು ನಿಲ್ಲದ ಕಾರಣದಿಂದ. ಇಲ್ಲಿ ಓದುವ ನಿಮ್ಮಲ್ಲಿ ಎಷ್ಟು ಜನ ಆ ಸಂಜೆ ಹೀಗೇ ಫೋನು ಹಿಡಿದು ನಿಂತಿದ್ದೀರಿ ಅಂತ ನನಗೆ ಗೊತ್ತುಂಟು, ಆಮೇಲೆ ನೀವೇ ಹೇಳಿದ್ದೀರಿ.

ಆ ಮೇಲೆ ತಂಡದವರು ಮೊದಲು ಹತ್ತು ಲಕ್ಷ ಅಂದರು. ಮತ್ತೆ ಸುಮಾರು ಮೂರು ತಿಂಗಳು ಅವರ ಪುಟಗಳಲ್ಲಿ ಮೌನ. ಆಗಸ್ಟಿನ ಕೊನೆಗೆ ಬಂದು ಪ್ರತಿ ಮನೆಗೆ 25 ಲಕ್ಷ ಅಂದರು, ‘ಆರ್‌ಸಿಬಿ ಕೇರ್ಸ್’ ಅಂತ ಹೆಸರಿಟ್ಟರು. ಕೊಟ್ಟದ್ದನ್ನು ಕೊಟ್ಟಿಲ್ಲ ಅಂತ ನಾನು ಹೇಳುವುದಿಲ್ಲ. ಕೇಳುವುದು ಇಷ್ಟೇ. ತನಿಖೆ ಮುಗಿದಿಲ್ಲ, ಕೋರ್ಟು ಮುಗಿದಿಲ್ಲ. ಐದು ತಿಂಗಳಿಗೆ ಮಾರಾಟದ ಕಾಗದ ಹೊರಟಿತು. ಮಾರ್ಚ್ 31ರ ನಂತರ ಆ 11 ಮನೆಯವರು ಯಾರ ಬಾಗಿಲು ತಟ್ಟಬೇಕು? ಹಳಬರು ‘ನಾವು ಮಾರಿ ಆಯ್ತು’ ಅನ್ನುವುದು, ಹೊಸಬರು ‘ಆಗ ನಾವು ಇರಲೇ ಇಲ್ಲ’ ಅನ್ನುವುದು. ಜಾಗ ತೆಗೆದುಕೊಳ್ಳುವಾಗ ಅದರ ಮೇಲೆ ಸಾಲ ಉಂಟಾ, ವ್ಯಾಜ್ಯ ಉಂಟಾ, ಯಾವುದಾದರೂ ದೈವದ ಕಟ್ಟೆ ಉಂಟಾ ಅಂತ ನೋಡಿಯೇ ಅಲ್ವಾ ನಾವು ಕಾಗದ ಮಾಡುವುದು? ಕಟ್ಟೆ ಇದ್ದರೆ ವರ್ಷಕ್ಕೊಮ್ಮೆ ತಂಬಿಲ ಕೊಡುವ ಹೊಣೆಯೂ ಜಾಗದ ಜೊತೆಗೇ ಬರ್ತದೆ. ಜಾಗ ನನಗೆ, ಕಟ್ಟೆ ಹಳಬನಿಗೆ ಅಂತ ಹೇಳಿದರೆ ಊರು ಒಪ್ಪುತ್ತದಾ?

ಬೆಂಗಳೂರು ಈ ಒಂದು ದುರಂತದಿಂದ ಕಳಕೊಂಡದ್ದು ಎಷ್ಟು ಅಂತ ಹೆಂಗಸರಾದ ನಮಗೆ ಬೇರೆ ಹೇಳಬೇಕಾಗಿಲ್ಲ. ಹೆಂಗಸರ ವಿಶ್ವಕಪ್ಪಿನ ಆಟಗಳು ಚಿನ್ನಸ್ವಾಮಿಯಲ್ಲಿ ಆಗಬೇಕಿತ್ತು, ಅಲ್ಲಿಂದ ಎತ್ತಿ ನವಿ ಮುಂಬೈಗೆ ಹಾಕಿದರು. ನವೆಂಬರ್ 2ರಂದು ನಮ್ಮ ಹುಡುಗಿಯರು ಕಪ್ ಎತ್ತಿದ್ದು ಅಲ್ಲಿ. ಮೂರು ದಿನ ಬಿಟ್ಟು ಈ ಮಾರಾಟದ ಸುದ್ದಿ. ಈಗ ಡಿಸೆಂಬರ್ 7ಕ್ಕೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಚುನಾವಣೆ ಆಗಿ ವೆಂಕಟೇಶ ಪ್ರಸಾದ್ ಅಧ್ಯಕ್ಷರಾಗಿದ್ದಾರೆ, ಐಪಿಎಲ್ ಆಟ ಬೆಂಗಳೂರಿನಲ್ಲೇ ಆಗಬೇಕು ಅಂತ ಪ್ರಯತ್ನ ನಡೀತಾ ಉಂಟು. ಆಗಲಿ. ಅಲ್ಲಿ ಮೆಂಬರುಗಳಿಗಾದರೂ ಒಂದು ಓಟು ಉಂಟು. ತಂಡಕ್ಕೆ ಅದೂ ಇಲ್ಲ.

‘ಖಾಸಗಿ ಕಂಪನಿಯ ಸೊತ್ತು, ಅವರು ಯಾರಿಗೆ ಬೇಕಾದರೂ ಮಾರ್ತಾರೆ, ನಿನಗೆಂತ ಉರಿ?’ ಅಂತ ನಮ್ಮ ಇವರೇ ಕೇಳಿದರು. ಇದಕ್ಕೆ ಉತ್ತರ ಕೊಡ್ಲಿಕ್ಕೆ ಮಂಗಳೂರಿನವರಿಗಿಂತ ಹೆಚ್ಚು ಅರ್ಹತೆ ಯಾರಿಗುಂಟು ಹೇಳಿ. ನಾವು ‘ನಮ್ಮದು’ ಅಂದದ್ದನ್ನೆಲ್ಲ ಒಂದೊಂದಾಗಿ ಬೋರ್ಡು ಬದಲಾಯಿಸಿದ್ದನ್ನು ನೋಡಿದವರು.

ವಿಜಯಾ ಬ್ಯಾಂಕ್ 1931ರಲ್ಲಿ ಇದೇ ಮಂಗಳೂರಿನ ಬಂಟ್ಸ್ ಹಾಸ್ಟೆಲಿನಲ್ಲಿ ಶುರುವಾದದ್ದು, ಎ.ಬಿ. ಶೆಟ್ಟರು ಮುಂದೆ ನಿಂತು ಕಟ್ಟಿದ್ದು. 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡದೊಳಗೆ ಹೋಯ್ತು. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಹುಟ್ಟುಹಾಕಿದ ಕಾರ್ಪೊರೇಶನ್ ಬ್ಯಾಂಕ್ ಮರುವರ್ಷ ಅದೇ ತಾರೀಕಿಗೆ ಯೂನಿಯನ್ ಬ್ಯಾಂಕಿನೊಳಗೆ. ಸಿಂಡಿಕೇಟ್ ಬ್ಯಾಂಕ್ ಅದೇ ದಿನ ಕೆನರಾದೊಳಗೆ. ಪಿಗ್ಮಿ ಕಲೆಕ್ಷನಿನವರು ಮನೆ ಬಾಗಿಲಿಗೆ ಬಂದು ನಮ್ಮ ಅಜ್ಜಿಯಂದಿರ ಎರಡೆರಡು ಆಣೆ ಕೂಡಿಸಿ ಬೆಳೆಸಿದ ಬ್ಯಾಂಕು ಅದು. ಮುಷ್ಕರ ಆಯ್ತು, ಧರಣಿ ಆಯ್ತು, ವಾಟ್ಸಾಪಿನಲ್ಲಿ ಹಳೆ ಬೋರ್ಡಿನ ಫೋಟೋ ಹಾಕಿ ಕಣ್ಣೀರು ಸಹ ಆಯ್ತು. ಆದರೆ ಅಷ್ಟು ಹೊತ್ತಿಗೆ ದಿಲ್ಲಿಯಲ್ಲಿ ಮೊಹರು ಒತ್ತಿ ಆಗಿತ್ತು. ನನ್ನ ಅಪ್ಪನ ವಿಜಯಾ ಬ್ಯಾಂಕಿನ ಪಾಸ್‌ಬುಕ್ಕು ಇನ್ನೂ ನನ್ನ ಕಪಾಟಿನಲ್ಲುಂಟು. ಬ್ಯಾಂಕಿನಲ್ಲಿ ನಮ್ಮ ಕೈಯಲ್ಲಿ ಪಾಸ್‌ಬುಕ್ಕಾದರೂ ಇತ್ತು. ಆರ್‌ಸಿಬಿಯಲ್ಲಿ ನಮ್ಮ ಹತ್ತಿರ ಎಂತ ಉಂಟು? ಮೂರು ಸಲ ಒಗೆದರೆ ಬಣ್ಣ ಬಿಡುವ ಒಂದು ಅಂಗಿ.

ಇನ್ನೊಂದು ಉದಾಹರಣೆ, ನಮ್ಮ ವಿಮಾನ ನಿಲ್ದಾಣ. 2020ರ ಅಕ್ಟೋಬರ್ ಕೊನೆಗೆ ಅದಾನಿಯವರ ಕೈಗೆ ಹೋಯ್ತು, ಬೋರ್ಡಿನಲ್ಲಿ ಅವರ ಹೆಸರೂ ಬಂತು. ಆಗ ಇಲ್ಲಿಯವರೇ ಹೆಸರು ಸೇರಿಸ್ಲಿಕ್ಕೆ ಯಾವ ಒಪ್ಪಂದದಲ್ಲಿ ಉಂಟು ತೋರಿಸಿ ಅಂತ ಕಾಗದ ಕೇಳಿದರು, ನೋಟಿಸು ಕೊಟ್ಟರು. ಮರುವರ್ಷ ಆ ಹೆಸರು ಬೋರ್ಡಿನಿಂದ ಇಳಿಯಿತು. ನಿಲ್ದಾಣ ವಾಪಸು ಬರಲಿಲ್ಲ, ಅದು ಬೇರೆ ವಿಷಯ. ಆದರೆ ಬೊಬ್ಬೆ ಹಾಕಿದ್ದಕ್ಕಿಂತ ಕಾಗದ ಕೇಳಿದ್ದು ಕೆಲಸ ಮಾಡಿತು.

ಫುಟ್‌ಬಾಲಿನಲ್ಲಿ ಇದು ಹಳೆಯ ಕತೆ. ನನ್ನ ಚಿಕ್ಕಮ್ಮನ ಮೊಮ್ಮಗ ಜರ್ಮನಿಯಲ್ಲಿರುವುದು, ಅಲ್ಲಿ ಅವನು ಊರಿನ ಕ್ಲಬ್ಬಿಗೆ ಮೆಂಬರು. ವರ್ಷಕ್ಕೆ ಇಷ್ಟು ಅಂತ ಕಟ್ಟಿದರೆ ಸಾಕು, ಓಟು ಉಂಟಂತೆ. ಅಲ್ಲಿಯ ಕಾಯಿದೆ ಪ್ರಕಾರ ಕ್ಲಬ್ಬಿನ ಓಟಿನಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಮೆಂಬರುಗಳ ಸಂಘದ ಹತ್ತಿರವೇ ಇರಬೇಕು. ಒಂದೆರಡು ಕ್ಲಬ್ಬುಗಳಿಗೆ ವಿನಾಯಿತಿ ಉಂಟು, ಉಳಿದಂತೆ ಹೊರಗಿನ ಕುಳ ಎಷ್ಟು ದುಡ್ಡು ತಂದರೂ ಚುಕ್ಕಾಣಿ ಸಿಕ್ಕುವುದಿಲ್ಲ. ಎರಡು ವರ್ಷದ ಹಿಂದೆ ಇಡೀ ಲೀಗಿನ ಟಿವಿ ಆದಾಯದಲ್ಲಿ ಒಂದು ಪಾಲನ್ನು ಹೊರಗಿನ ಹೂಡಿಕೆದಾರರಿಗೆ ಕೊಡುವ ಅಂತ ಮೇಲಿನವರು ಹೊರಟರು. ಅಭಿಮಾನಿಗಳು ಎಂತ ಮಾಡಿದರು ಗೊತ್ತುಂಟಾ? ಆಟದ ಮಧ್ಯ ಮೈದಾನಕ್ಕೆ ಟೆನ್ನಿಸ್ ಬಾಲು ಎಸೆದರು, ಚಿನ್ನದ ಕಾಗದ ಸುತ್ತಿದ ಚಾಕಲೇಟು ನಾಣ್ಯ ಎಸೆದರು. ಹೆಕ್ಕಿ ಹೆಕ್ಕಿ ಸಾಕಾಗಿ ಆಟ ನಿಲ್ಲುತ್ತಿತ್ತು. ವಾರಗಟ್ಟಲೆ ಹೀಗೇ. 2024ರ ಫೆಬ್ರವರಿಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಯಾರಿಗೂ ಕೈಕಾಲು ಮುರಿಯಲಿಲ್ಲ.

ಅದು ಜರ್ಮನಿ, ನಮ್ಮಲ್ಲಿ ಆಗ್ತದಾ ಅಂತ ಕೇಳಬೇಡಿ. ಕೋಲ್ಕತ್ತದ ಮೋಹನ್ ಬಗಾನ್ 1889ರ ಕ್ಲಬ್ಬು. 1911ರಲ್ಲಿ ಬ್ರಿಟಿಷ್ ಸಿಪಾಯಿಗಳ ತಂಡವನ್ನು ಸೋಲಿಸಿದಾಗ ಹೆಚ್ಚಿನವರ ಕಾಲಿನಲ್ಲಿ ಬೂಟು ಇರಲಿಲ್ಲ. 2020ರಲ್ಲಿ ಹೊಸ ಯಜಮಾನರು ಬಂದು ಅವರ ಹಳೆ ತಂಡದ ಹೆಸರು ‘ಎಟಿಕೆ’ ಎಂಬುದನ್ನು ಮುಂದೆ ಅಂಟಿಸಿದರು. ಅಭಿಮಾನಿಗಳು ಮೂರು ವರ್ಷ ಬಿಡಲಿಲ್ಲ. ತಂಡ ಗೆದ್ದರೂ ‘ಎಟಿಕೆ ತೆಗೀರಿ’ ಎಂಬ ಬ್ಯಾನರು, ಸೋತರೂ ಅದೇ ಬ್ಯಾನರು. 2023ರಲ್ಲಿ ಕಪ್ ಗೆದ್ದ ದಿನವೇ ಯಜಮಾನರು ಹೆಸರು ತೆಗೀತೇವೆ ಅಂತ ಹೇಳಬೇಕಾಯ್ತು. ಗೆದ್ದದ್ದಕ್ಕೆ ಮರುಳಾಗಿ ಕೂತವರಲ್ಲ ಅವರು.

ಕೇಳದೆ ಕೂತರೆ ಎಂತ ಆಗ್ತದೆ ಅಂತಲೂ ಈ ವರ್ಷವೇ ಕಂಡಿದ್ದೇವೆ. ಹೈದರಾಬಾದಿನ ಫುಟ್‌ಬಾಲ್ ತಂಡ ಈ ಅಕ್ಟೋಬರಿನಲ್ಲಿ ಗಂಟುಮೂಟೆ ಕಟ್ಟಿ ದಿಲ್ಲಿಗೆ ಹೋಯ್ತು, ಹೆಸರೂ ಬೇರೆ. ಹೈದರಾಬಾದಿಗೆ ಆ ಜಾಗ ಸಿಕ್ಕಿದ್ದೂ 2019ರಲ್ಲಿ ಪುಣೆಯ ತಂಡ ಮುಚ್ಚಿದ ಕಾರಣದಿಂದ. ಪುಣೆಯ ಮಕ್ಕಳೂ ‘ನಮ್ದೇ’ ಅಂದಿರಬೇಕು, ಹೈದರಾಬಾದಿನ ಮಕ್ಕಳೂ ಅಂದಿರಬೇಕು. ಇನ್ನು ಬೆಂಗಳೂರಿನದ್ದೇ ಬಿಎಫ್‌ಸಿ. ಜಿಂದಾಲರ ಕಂಪನಿ, ದುಡ್ಡಿಗೆ ಬರ ಇಲ್ಲ. ಲೀಗು ನಡೆಯುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ ಆಗಸ್ಟಿನಲ್ಲಿ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿದರು. ದೊಡ್ಡ ಕುಳ ಬಂದರೆ ಸಾಕು ಅನ್ನುವ ನನ್ನ ತಮ್ಮನ ಮಗ ಇದನ್ನು ಎರಡು ಸಲ ಓದಲಿ.

ನನಗೆ ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಇದಕ್ಕೆ. ಡಿಯಾಜಿಯೊ ಲಂಡನ್ನಿನ ಕಂಪನಿ ಅಂದೆ ಅಲ್ವಾ. ಅದೇ ಇಂಗ್ಲೆಂಡಿನಲ್ಲಿ ಈ ವರ್ಷದ ಜುಲೈಯಲ್ಲಿ ಫುಟ್‌ಬಾಲ್ ಕ್ಲಬ್ಬುಗಳ ಬಗ್ಗೆ ಕಾನೂನೇ ಆಯ್ತು. ಕ್ಲಬ್ಬು ಕೊಳ್ಳುವವರ ಯೋಗ್ಯತೆ ನೋಡ್ಲಿಕ್ಕೆ ಒಂದು ಬೇರೆ ಸಂಸ್ಥೆ. ಲಾಂಛನ, ಅಂಗಿಯ ಬಣ್ಣ ಬದಲಿಸ್ಲಿಕ್ಕೆ ಅಭಿಮಾನಿಗಳಲ್ಲಿ ಹೆಚ್ಚಿನವರ ಬೆಂಬಲ ಬೇಕು. ಮೈದಾನ ಬಿಟ್ಟು ಬೇರೆ ಕಡೆ ಹೋಗ್ಲಿಕ್ಕೆ ಆ ಸಂಸ್ಥೆಯ ಒಪ್ಪಿಗೆ ಬೇಕು. ತಮ್ಮ ಊರಿನ ಮಕ್ಕಳಿಗೆ ಇಷ್ಟು ಮರ್ಯಾದೆ. ನಮ್ಮ ಮಕ್ಕಳಿಗೆ ಶೇರು ಪೇಟೆಗೆ ಬರೆದ ಕಾಗದದ ಸುದ್ದಿ, ಅದೂ ಪೇಪರಿನಲ್ಲಿ ಓದಿ ತಿಳಿಯಬೇಕು.

ಹಾಗಾಗಿ ನಮ್ಮ ಹುಡುಗರಿಗೆ ನಾನು ಹೇಳುವುದು, ‘ಯಾರು ಕೊಳ್ತಾರೆ’ ಅಂತ ಬಾಯಿ ಬಿಟ್ಟು ಕಾಯುವುದು ಬಿಡಿ, ‘ಯಾವ ಕರಾರಿನ ಮೇಲೆ’ ಅಂತ ಕೇಳಿ. ಬೆಂಗಳೂರು ಎಂಬ ಹೆಸರಿಗೆ 2024ರ ಮಾರ್ಚಿನವರೆಗೆ ಕಾಯಬೇಕಾಯ್ತು, ಅಲ್ಲಿಯವರೆಗೆ ‘ಬ್ಯಾಂಗಲೋರ್’ ಅಂತಲೇ ಇತ್ತು. ಆ ಹೆಸರು, ಈ ಊರು ಎರಡೂ ಬಿಡುವುದಿಲ್ಲ ಅಂತ ಬರಹದಲ್ಲಿ ಬರಲಿ. ಸಾಧಾರಣ ಮನೆಯ ಮಕ್ಕಳಿಗೆ ಎಟಕುವ ಟಿಕೇಟು ಇಷ್ಟು ಅಂತ ಪ್ರತಿ ಆಟಕ್ಕೂ ತೆಗೆದಿಡಲಿ. ಈಗ ಸಾವಿರಗಟ್ಟಲೆ ಕೊಟ್ಟು ಯಾರು ಹೋಗ್ತಾರೆ? ಹೋಗ್ಲಿಕ್ಕೆ ಆಗದ ಮಕ್ಕಳೇ ಅಲ್ವಾ ಆ ದಿನ ‘ಒಮ್ಮೆ ಹತ್ತಿರದಿಂದ ನೋಡುವ’ ಅಂತ ಗೇಟಿಗೆ ಮುಗಿಬಿದ್ದದ್ದು. 11 ಮನೆಯವರ ಹೊಣೆ ಮಾರಾಟದ ಕಾಗದದಲ್ಲೇ ನಮೂದಾಗಲಿ, ಕೋರ್ಟು ಮುಂದೆ ಏನು ಹೇಳಿದರೂ ಅದು ಹೊಸ ಯಜಮಾನನ ತಲೆ ಮೇಲೆ ಅಂತ.

ಮತ್ತೆ ಹೆಂಗಸರ ತಂಡ. ಇದನ್ನು ನಮ್ಮ ಹುಡುಗರು ಕೇಳುವುದಿಲ್ಲ, ನಾವೇ ಕೇಳಬೇಕು. ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದದ್ದು ಯಾರು? ಸ್ಮೃತಿ ಮಂಧಾನ, ನಮ್ಮ ಶ್ರೇಯಾಂಕಾ ಪಾಟೀಲ, ಆ ಹುಡುಗಿಯರು, 2024ರ ಮಾರ್ಚ್ 17ರಂದು. ಗಂಡಸರಿಗಿಂತ ಒಂದು ವರ್ಷಕ್ಕೂ ಮೊದಲು, ಎರಡನೆಯ ಪ್ರಯತ್ನದಲ್ಲೇ. ಈಗ ಮಾರಾಟದ ಮಾತಿನಲ್ಲಿ ಅವರ ಹೆಸರು ಎಲ್ಲಿ ಬರ್ತದೆ ನೋಡಿ, ಮದುವೆ ಮನೆಯಲ್ಲಿ ಬಡ ನೆಂಟರನ್ನು ಕೊನೆಯ ಪಂಕ್ತಿಗೆ ಕೂರಿಸಿದ ಹಾಗೆ. ಕೊಳ್ಳುವವನು ಅವರನ್ನು ಗಂಡಸರ ತಂಡದ ಜೊತೆ ಸಿಕ್ಕಿದ ಕೊಸರು ಅಂತ ನೋಡಬಾರದು. ಅದಕ್ಕೂ ಒಂದು ಗೆರೆ ಬರೆಯಲಿ.

ಸ್ಟೇಡಿಯಮು ಕಂಪನಿಯದ್ದಲ್ಲ, ಬಂದೋಬಸ್ತಿನ ಪೊಲೀಸರು ನಮ್ಮ ತೆರಿಗೆಯವರು. ‘ಖಾಸಗಿ ಸೊತ್ತು’ ಅಂತ ಬಾಯಿ ಮುಚ್ಚಿಸುವವರಿಗೆ ಇದನ್ನು ಹೇಳಿ. ಅಭಿಮಾನಿಗಳು ಒಂದು ವಾರ ಅಂಗಿ ಕೊಳ್ಳದಿದ್ದರೆ, ಅವರ ಪುಟ ನೋಡದಿದ್ದರೆ ಆ 17 ಸಾವಿರದಲ್ಲಿ ಎಷ್ಟು ಸೊನ್ನೆ ಉದುರ್ತದೆ ಅಂತ ಕೊಳ್ಳುವವರಿಗೆ ಚೆನ್ನಾಗಿ ಗೊತ್ತು. ಟೆನ್ನಿಸ್ ಬಾಲು ಎಸೆಯುವುದು ಬೇಡ, ನಮ್ಮ ಮಕ್ಕಳ ಕೈಯಲ್ಲಿ ಕೊಟ್ಟರೆ ಅವು ಅಲ್ಲೇ ಕ್ರಿಕೆಟ್ ಶುರು ಮಾಡ್ತಾವೆ.

ನಾನು ಒಂದು ಅರ್ಜಿ ಬರೆದಿಟ್ಟಿದ್ದೇನೆ, ಕನ್ನಡದಲ್ಲೇ, ಎರಡು ಪುಟ. ಒಂದು ಪ್ರತಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಆಫೀಸಿಗೆ, ಒಂದು ರಾಜ್ಯ ಕ್ರಿಕೆಟ್ ಸಂಸ್ಥೆಗೆ, ಒಂದು ಕ್ರೀಡಾ ಇಲಾಖೆಗೆ. ಅಕ್ಕನ ಮಗ ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿಗೂ ಕಳಿಸ್ತೇನೆ ಅಂದಿದ್ದಾನೆ. ಈವರೆಗೆ 23 ಸಹಿ ಆಗಿದೆ, ಹೆಚ್ಚಿನವು ಹೆಂಗಸರದ್ದೇ. ತಮ್ಮನ ಮಗ ಮಾತ್ರ ಇನ್ನೂ ಹಾಕಿಲ್ಲ, ಹೆಸರಿನ ವಿಷಯದ ಗೆರೆ ತೆಗೆದರೆ ಹಾಕ್ತಾನಂತೆ. ತೆಗೆಯುವುದಿಲ್ಲ. ಕಾಗದ ನಮ್ಮ ಜಗಲಿಯ ಮೇಜಿನ ಮೇಲೆ ಉಂಟು, ಸಂಜೆ ನಾಲ್ಕರ ಮೇಲೆ ನಾನು ಮನೆಯಲ್ಲೇ ಇರ್ತೇನೆ. ದೂರದವರು ಫೋನು ಮಾಡಿ ಹೆಸರು ಹೇಳಿದರೂ ಸಾಕು. ಮಕರ ಸಂಕ್ರಾಂತಿ ಕಳೆದ ಮರುದಿನ ಪೋಸ್ಟಿಗೆ ಹಾಕ್ತೇನೆ, ರಿಜಿಸ್ಟರ್ಡು.